ನರ್ಸಿನ ಸಂಬಳ ಕೇಳೋಕೆ ಸಂಕೋಚ ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯಕ್ಕೆ ಸೇರಿದವು: ಕ್ಯಾನ್ಸರ್ ರೋಗಿಗಳ ಆರೈಕೆಗೆ ದುಡ್ಡು ಎಲ್ಲಿಂದ ತರೋದು, ಹೇಗೆ ಕೇಳೋದು. ಮನೆ ಆರೈಕೆ ಮಾಡುವ ಒಂದು ಪುಟ್ಟ ತಂಡಕ್ಕೆ ಹನ್ನೊಂದು ವರ್ಷ ಅರ್ಜಿ ಬರೆದಿದ್ದೇನೆ. ಆ ಅನುಭವದಿಂದಲೇ ಉತ್ತರಿಸುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಶಿವಮೊಗ್ಗ ಜಿಲ್ಲೆಯ ಎರಡು ತಾಲ್ಲೂಕುಗಳಲ್ಲಿ ಎಂಟು ಜನ ಸೇರಿ ನಾಲ್ಕು ವರ್ಷದಿಂದ ಕ್ಯಾನ್ಸರ್ ರೋಗಿಗಳ ಮನೆಗೆ ಹೋಗಿ ಆರೈಕೆ ಮಾಡುತ್ತಿದ್ದೇವೆ. ಒಬ್ಬರು ನರ್ಸ್, ಒಂದು ಜೀಪು, ತಿಂಗಳಿಗೆ ನೂರು ಭೇಟಿ. ನರ್ಸಿಗೆ 22,000, ಡ್ರೈವರಿಗೆ 15,000, ಜೀಪಿನ ಡೀಸೆಲ್ ಮತ್ತು ರಿಪೇರಿಗೆ 18,000, ಔಷಧಿ ಮತ್ತು ಡ್ರೆಸ್ಸಿಂಗ್‌ಗೆ 20,000, ಫೋನು, ಲೆಕ್ಕಪತ್ರಕ್ಕೆ 5,000 ಆಗುತ್ತದೆ. ಊರಿನವರು ಕೊಟ್ಟಿದ್ದರಲ್ಲೇ ನಡೆಸಿಕೊಂಡು ಬಂದೆವು, ಇನ್ನು ಆಗುತ್ತಿಲ್ಲ. ಟ್ರಸ್ಟ್ ನೋಂದಣಿ, ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ಇವೆ. ಆಂಬುಲೆನ್ಸ್ ಮತ್ತು ಸ್ತನ ಪರೀಕ್ಷೆಯ ಮ್ಯಾಮೊಗ್ರಫಿ ಯಂತ್ರಕ್ಕೆ ಅಂತ ಒಂದು ಕಂಪನಿಗೆ 50 ಲಕ್ಷ ಕೇಳಿ 14 ಪುಟದ ಅರ್ಜಿ ಹಾಕಿದ್ದೆವು. ‘ಆಯ್ಕೆಯಾಗಿಲ್ಲ’ ಅಂತ ಒಂದೇ ಸಾಲಿನ ಉತ್ತರ ಬಂತು. ಎಲ್ಲಿ ತಪ್ಪಿದೆವು?

ಉತ್ತರ: ಮೇಡಂ, ನಿಮಗೆ ಬೇಕಾಗಿರುವುದು ನರ್ಸಿನ ಸಂಬಳ. ನೀವು ಕೇಳಿದ್ದು ಯಂತ್ರ. ತಪ್ಪಿದ್ದು ಅಲ್ಲೇ.

ಯಾಕೆ ಹಾಗೆ ಕೇಳಿದಿರಿ ಅಂತ ನನಗೆ ಗೊತ್ತು. ಸಂಬಳ ಕೇಳಿದರೆ ಕೊಡೋದಿಲ್ಲ, ಕಣ್ಣಿಗೆ ಕಾಣುವಂಥದ್ದು ಕೇಳಿದರೆ ಕೊಡುತ್ತಾರೆ ಅಂತ ಯಾರೋ ಹೇಳಿರುತ್ತಾರೆ. ನನಗೂ ಹೇಳಿದ್ದರು. ನಾನು ಬರೆದ ಮೊದಲ ಅರ್ಜಿಯಲ್ಲಿ ವ್ಯಾನ್ ಕೇಳಿದ್ದೆ, ಕೊಟ್ಟರು ಕೂಡ, ಹಾರ ಹಾಕಿ ಕೀ ಕೊಟ್ಟು ಫೋಟೋ ತೆಗೆಸಿಕೊಂಡು ಹೋದರು. ಡೀಸೆಲ್‌ಗೆ ದುಡ್ಡಿರಲಿಲ್ಲ, ಡ್ರೈವರಿಗೆ ಇರಲಿಲ್ಲ. ಆ ವ್ಯಾನು ಏಳು ತಿಂಗಳು ಆಫೀಸಿನ ಮುಂದೆ ಹಲಸಿನ ಮರದ ಕೆಳಗೆ ನಿಂತಿತ್ತು. ಆ ಏಳು ತಿಂಗಳೂ ನಮ್ಮ ನರ್ಸ್ ಬಸ್ಸಲ್ಲೇ ಓಡಾಡಿದರು, ದಿನಕ್ಕೆ ಎರಡೇ ಮನೆ. ಅವರು ತಲುಪಲಾಗದ ಮನೆಗಳ ಪಟ್ಟಿ ಇವತ್ತಿಗೂ ನನ್ನ ಹತ್ತಿರ ಇದೆ.

ಈಗ ನಿಮ್ಮ ಅರ್ಜಿಯನ್ನು ಆ ಕಡೆ ಕೂತು ಓದುವವರ ಕಣ್ಣಿಂದ ನೋಡಿ. ನಿಮ್ಮ ತಿಂಗಳ ಖರ್ಚು 80,000, ವರ್ಷಕ್ಕೆ 9 ಲಕ್ಷ 60 ಸಾವಿರ. ಅಷ್ಟರಲ್ಲಿ ನಡೆಯುವ ಸಂಸ್ಥೆ ಒಮ್ಮೆಲೇ 50 ಲಕ್ಷ ಕೇಳಿದರೆ ಅವರಿಗೆ ಭಯ ಆಗುತ್ತದೆ, ಸಹಜ ಅಲ್ವಾ? ಮ್ಯಾಮೊಗ್ರಫಿ ಅಂದರೆ ಯಂತ್ರ ಒಂದೇ ಅಲ್ಲ. ಅದೂ ಎಕ್ಸ್‌ರೇ ಯಂತ್ರವೇ, ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು, ನಡೆಸೋಕೆ ತಂತ್ರಜ್ಞರು ಬೇಕು, ಚಿತ್ರ ಓದೋಕೆ ರೇಡಿಯಾಲಜಿಸ್ಟ್ ಬೇಕು, ಗಂಟು ಸಿಕ್ಕರೆ ಮುಂದೆ ಎಲ್ಲಿಗೆ ಕಳಿಸುತ್ತೀರಿ ಅನ್ನುವುದಕ್ಕೂ ಉತ್ತರ ಇರಬೇಕು. ನಿಮ್ಮ ಕೆಲಸ ಅದಲ್ಲ. ನಿಮ್ಮದು ಮನೆ ಆರೈಕೆ. ಅದನ್ನೇ ಕೇಳಿ.

ನಿಮ್ಮ ಅರ್ಜಿಯ ಹೃದಯ ನಿಮ್ಮ ಪತ್ರದಲ್ಲೇ ಇದೆ. 80,000 ರೂಪಾಯಿ, ನೂರು ಭೇಟಿ. ಅಂದರೆ ಒಂದು ಭೇಟಿಗೆ 800. ಮೊದಲ ಪುಟದಲ್ಲೇ ಇದನ್ನು ಬರೆಯಿರಿ. ಅದರ ಕೆಳಗೆ ಆ 800 ರೂಪಾಯಿಯಲ್ಲಿ ಏನಾಗುತ್ತದೆ ಅಂತ ಒಂದೇ ಒಂದು ಭೇಟಿಯ ಕಥೆ ಹೇಳಿ. ನಾನು ಬರೆದದ್ದು ಬಾಯಿ ಕ್ಯಾನ್ಸರಿನ ಒಬ್ಬ ಅಜ್ಜನ ಬಗ್ಗೆ. ಎಲೆ ಅಡಿಕೆ ತಂಬಾಕು ಜೀವನವಿಡೀ ಹಾಕಿದವರು. ಕೆನ್ನೆಯ ಹುಣ್ಣು ಹೊರಗೆ ಒಡೆದಿತ್ತು. ವಾಸನೆಗೆ ಮೊಮ್ಮಗಳು ಹತ್ತಿರ ಬರುತ್ತಿರಲಿಲ್ಲ. ಜಗಲಿಯ ಮೂಲೆಗೆ ಹಾಸಿಗೆ ಹೋಗಿತ್ತು. ನಮ್ಮ ನರ್ಸ್ ಉಪ್ಪುನೀರಿನಲ್ಲಿ ಗಾಯ ತೊಳೆದು, ವಾಸನೆ ತಗ್ಗಿಸುವ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಹಾಕಿ, ಗಾಜ್ ಕಟ್ಟಿ, ಹೇಗೆ ಅಂತ ಸೊಸೆಗೆ ತೋರಿಸಿಕೊಟ್ಟರು. ನಲವತ್ತು ನಿಮಿಷ. ಮಾತ್ರೆಯ ಬೆಲೆ ಏನೇನೂ ಅಲ್ಲ. ವಾರ ಕಳೆದು ಹೋದಾಗ ಹಾಸಿಗೆ ಒಳಗಿನ ಕೋಣೆಗೆ ಬಂದಿತ್ತು, ಮೊಮ್ಮಗಳು ಪಕ್ಕದಲ್ಲಿ ಕೂತು ಮಗ್ಗಿ ಹೇಳುತ್ತಿದ್ದಳು. ಆ ನಲವತ್ತು ನಿಮಿಷವೇ ನರ್ಸಿನ ಸಂಬಳ. ‘ಆಡಳಿತ ವೆಚ್ಚ’ ಅನ್ನುವ ಕಾಲಂನಲ್ಲಿ ಅದನ್ನು ಬಚ್ಚಿಡಬೇಡಿ, ‘ಸೇವೆ’ ಅನ್ನುವ ಕಡೆ ಧೈರ್ಯವಾಗಿ ಬರೆಯಿರಿ.

ಇನ್ನು ಯಾರನ್ನು ಕೇಳೋದು? 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಇದನ್ನೇ ಸಿಎಸ್‌ಆರ್ ಅನ್ನುತ್ತಾರೆ. ಆರೋಗ್ಯ ಅದರ ಪಟ್ಟಿಯಲ್ಲಿದೆ. ತಾನು ಕೆಲಸ ಮಾಡುವ ಊರಿನ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಅದೇ ಕಲಂ ಹೇಳುತ್ತದೆ. ಹಾಗಾಗಿ ದೂರದ ದೊಡ್ಡ ಹೆಸರಿನ ಹಿಂದೆ ಬೀಳುವ ಮುಂಚೆ ನಿಮ್ಮ ಜಿಲ್ಲೆಯಲ್ಲೇ ಕಾರ್ಖಾನೆ ಇರುವವರನ್ನು ನೋಡಿ. ಆ ಕಂಪನಿಯ ವಾರ್ಷಿಕ ವರದಿ, ವೆಬ್‌ಸೈಟ್ ನೋಡಿದರೆ ಕಳೆದ ವರ್ಷ ಎಂಥ ಕೆಲಸಕ್ಕೆ, ಎಷ್ಟು ಕೊಟ್ಟರು ಅನ್ನುವ ಅಂದಾಜು ಸಿಗುತ್ತದೆ. ನೀವು ಕೇಳುವ ಮೊತ್ತ ಅದಕ್ಕೆ ಹೊಂದಬೇಕು. ಕೆಲವು ಖಾಸಗಿ ಟ್ರಸ್ಟ್‌ಗಳು ಕಾಯ್ದೆಯ ಒತ್ತಾಯವಿಲ್ಲದೆಯೂ ಕೊಡುತ್ತವೆ, ಅವರ ನಿಯಮ ಬೇರೆ, ಓದಿಕೊಂಡು ಹೋಗಿ.

ಹೊರಗಿನ ಸಂಸ್ಥೆಗೆ ಕೊಡುವಾಗ ಮೂರು ವರ್ಷದ ಅನುಭವ ಕೇಳುತ್ತಾರೆ, ನಿಮಗೆ ನಾಲ್ಕಿದೆ. 12ಎ, 80ಜಿ ಇವೆ. ಇಷ್ಟಿದ್ದೂ ಬಹಳ ಜನ ಎಡವುವುದು, ಈ ದುಡ್ಡು ಪಡೆಯಲು ಸಂಸ್ಥೆ ಮಾಡಿಸಬೇಕಾದ ಸಿಎಸ್‌ಆರ್-1 ನೋಂದಣಿಯಲ್ಲಿ. 2021ರ ಏಪ್ರಿಲ್‌ನಿಂದ ಅದಿಲ್ಲದೆ ಕಂಪನಿಯಿಂದ ದುಡ್ಡು ಬರುವುದಿಲ್ಲ. ನಿಮ್ಮ ಲೆಕ್ಕಪರಿಶೋಧಕರಿಗೆ ಹೇಳಿದರೆ ಮಾಡಿಸಿಕೊಡುತ್ತಾರೆ. ಸ್ವಯಂಸೇವಾ ಸಂಸ್ಥೆಗಳಿಗೆ ನೀತಿ ಆಯೋಗ ಕೊಡುವ ದರ್ಪಣ್ ಸಂಖ್ಯೆಯನ್ನೂ ಮಾಡಿಸಿಟ್ಟುಕೊಳ್ಳಿ.

ಹೊತ್ತು ನೋಡಿ ಕೇಳುವುದೂ ಮುಖ್ಯ. ಮಾರ್ಚ್ ಕೊನೆಗೆ ಹೋಗಬೇಡಿ. ಅವರ ಹಣಕಾಸು ವರ್ಷ ಏಪ್ರಿಲ್‌ನಿಂದ ಶುರು, ವರ್ಷದ ಯೋಜನೆಯನ್ನು ಕಂಪನಿಯ ಸಮಿತಿ ಕೂತು ಮಾಡಿ ನಿರ್ದೇಶಕರ ಮಂಡಳಿಗೆ ಒಪ್ಪಿಸುತ್ತದೆ. ಅದಕ್ಕೆ ಮೊದಲೇ, ಚಳಿಗಾಲದಲ್ಲೇ ಹೋಗಿ ಮಾತಾಡಿ. 14 ಪುಟ ಬೇಡ, ನಾಲ್ಕು ಸಾಕು. ಮೊದಲ ವರ್ಷ ಪೂರ್ತಿ ಖರ್ಚನ್ನು ಕೇಳಬೇಡಿ, ಒಂದು ತಾಲ್ಲೂಕಿನ ಖರ್ಚು ಕೇಳಿ, ಉಳಿದದ್ದು ಊರಿನವರು ಕೊಡುತ್ತಿದ್ದಾರೆ ಅಂತ ತೋರಿಸಿ. ಊರೇ ಕೊಡುತ್ತಿದೆ ಅನ್ನುವುದಕ್ಕಿಂತ ಒಳ್ಳೆಯ ಶಿಫಾರಸು ಪತ್ರ ಇಲ್ಲ. ಕಟ್ಟಡದ ಆಸೆ ಇದ್ದರೆ ಸದ್ಯ ತಡೆಯಿರಿ. ಬೆಂಗಳೂರಿನಲ್ಲಿ ಕೊನೆ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಆರೈಕೆ ಕೊಡುವ ಕರುಣಾಶ್ರಯದ ಟ್ರಸ್ಟ್ ಆದದ್ದು 1994ರಲ್ಲಿ, ಹಾಸಿಗೆಗಳಿರುವ ಆಶ್ರಯಧಾಮ ಶುರುವಾದದ್ದು 1999ರಲ್ಲಿ. ಅವರಿಗೇ ಐದು ವರ್ಷ ಹಿಡಿಯಿತು.

ಪ್ರಶ್ನೆ: ನಮ್ಮ ಟ್ರಸ್ಟ್‌ಗೆ ಅಮೆರಿಕದಲ್ಲಿರುವ ಇಬ್ಬರು ಸಂಬಂಧಿಕರು ದುಡ್ಡು ಕಳಿಸುತ್ತೇವೆ ಅಂತಿದ್ದಾರೆ. ಸುಮ್ನೆ ಖಾತೆಗೆ ಹಾಕಿಸಿಕೊಳ್ಳಬಹುದಾ?

ಉತ್ತರ: ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಮೊದಲು ಕೇಳಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ತೆಗೆದು ಫೈಲಿನಲ್ಲಿಡಿ. ಅಮೆರಿಕದ ಪೌರತ್ವ ತಗೊಂಡಿದ್ದರೆ, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಆ ನೋಂದಣಿಗೆ ಮೂರು ವರ್ಷದ ಇತಿಹಾಸ ಮತ್ತು ಆ ಮೂರು ವರ್ಷದಲ್ಲಿ ಸೇವೆಗೆ ಖರ್ಚು ಮಾಡಿದ 15 ಲಕ್ಷ ರೂಪಾಯಿ ತೋರಿಸಬೇಕು. ದುಡ್ಡು ಮೊದಲು ಬರುವುದು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೆ. ಅಷ್ಟರವರೆಗೆ ‘ಸ್ವಲ್ಪ ತಡೆಯಿರಿ’ ಅಂತ ಪ್ರೀತಿಯಿಂದ ಹೇಳಿ.

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್. ಸಾಗರದಿಂದ ಬೆಂಗಳೂರಿಗೆ ಓಡಾಡುತ್ತಿದ್ದೇವೆ. ನಾವೇ ಯಾವುದಾದರೂ ಟ್ರಸ್ಟ್‌ಗೆ ಅರ್ಜಿ ಹಾಕಬಹುದಾ?

ಉತ್ತರ: ಹಾಕಬಹುದು, ಆದರೆ ಅದಕ್ಕೆ ಮುಂಚೆ ನಿಮ್ಮ ಹಕ್ಕಿನದನ್ನು ಪಡೆಯಿರಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ, ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಹುಡುಕಿ ಮಾತಾಡಿ, ಯಾವ ಟ್ರಸ್ಟಿನ ಅರ್ಜಿ ಈಗ ತೆರೆದಿದೆ ಅಂತ ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕ್ಯಾನ್ಸರ್ ಕ್ಯೂರ್ ಫಂಡ್‌ನಂಥವು ತಮ್ಮ ಪಟ್ಟಿಯಲ್ಲಿರುವ ಆಸ್ಪತ್ರೆಗಳ ಮೂಲಕವೇ ಅರ್ಜಿ ತಗೊಳ್ಳುತ್ತವೆ.

ಓಡಾಟದ ಖರ್ಚಿಗೆ: ತಾಳಗುಪ್ಪ–ಬೆಂಗಳೂರು ರೈಲು ಹಿಡಿಯಿರಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ ಶೇ. 75 ರಿಯಾಯಿತಿ. ವೈದ್ಯರಿಂದ ರೈಲ್ವೆಯ ನಮೂನೆಯಲ್ಲೇ ಪ್ರಮಾಣಪತ್ರ ಬರೆಸಿಕೊಳ್ಳಿ.

ಪ್ರಶ್ನೆ: ಅನುದಾನ ಕೊಟ್ಟವರು ವರದಿಗೆ ರೋಗಿಗಳ ಫೋಟೋ, ವಿಡಿಯೋ ಬೇಕು ಅನ್ನುತ್ತಿದ್ದಾರೆ. ಕಳಿಸದಿದ್ದರೆ ಮುಂದಿನ ಕಂತು ನಿಲ್ಲುತ್ತದೆ ಅಂತ ಭಯ.

ಉತ್ತರ: ಕಳಿಸಬೇಡಿ. ನೋವಲ್ಲಿರುವ ಮನುಷ್ಯ ನಿಮ್ಮನ್ನು ನಂಬಿ ಬಾಗಿಲು ತೆರೆದಿದ್ದಾನೆ. ನಮ್ಮನ್ನು ಕೇಳಿದಾಗ ಒಂದು ಪತ್ರ ಬರೆದೆ: ಮನೆಯವರ ಒಪ್ಪಿಗೆ ತಗೊಂಡು ನಿಮ್ಮನ್ನೇ ಒಂದು ದಿನ ಕರೆದುಕೊಂಡು ಹೋಗುತ್ತೇವೆ, ಕ್ಯಾಮೆರಾ ಬೇಡ. ಒಬ್ಬರು ಬಂದರು, ಮೂರು ಮನೆ ನೋಡಿದರು, ಆಮೇಲೆ ಫೋಟೋ ಕೇಳಲೇ ಇಲ್ಲ. ವರದಿಯ ಮುಖಪುಟಕ್ಕೆ ನಾನು ಹಾಕಿದ್ದು ನಮ್ಮ ನರ್ಸಿನ ಚೀಲದ ಚಿತ್ರ. ಗಾಜ್ ಸುರುಳಿ, ಕೈಗವಸು, ಬಿಪಿ ಯಂತ್ರ, ಮಾತ್ರೆ ಪುಡಿ ಮಾಡುವ ಪುಟ್ಟ ಕಲ್ಲು, ಜೊತೆಗೆ ಹೆಸರುಗಳನ್ನೆಲ್ಲ ಮುಚ್ಚಿದ ಅವರ ಭೇಟಿ ಪುಸ್ತಕದ ಒಂದು ಹಾಳೆ.