ಬ್ರೆಜಿಲ್‌ನ ಟೆನಿಸ್ ಆಟಗಾರ ಗುಸ್ತಾವೊ ಕುಯೆರ್ಟೆನ್ ಗೆದ್ದದ್ದು ಮೂರೇ ಗ್ರಾಂಡ್ ಸ್ಲಾಮ್. ಆದರೂ ಅವರನ್ನು ದೊಡ್ಡ ಆಟಗಾರ ಅನ್ನೋದು ಯಾಕೆ?

ಮೂರೇ ನಿಜ. ಮೂರೂ ಪ್ಯಾರಿಸ್ಸಿನ ಮಣ್ಣಿನ ಕೋರ್ಟಿನಲ್ಲಿ ನಡೆಯುವ ಫ್ರೆಂಚ್ ಓಪನ್: 1997, 2000, 2001. ಆದರೆ ಮೊದಲನೆಯದನ್ನು ಹೇಗೆ ಗೆದ್ದರು ನೋಡಿ. ಆಗ ಅವರ ರ‍್ಯಾಂಕಿಂಗ್ 66. ಅಲ್ಲಿಯವರೆಗೆ ಎಟಿಪಿಯ, ಅಂದರೆ ಪುರುಷರ ವೃತ್ತಿಪರ ಟೆನಿಸ್ ಸರಣಿಯ, ಒಂದೇ ಒಂದು ಪ್ರಶಸ್ತಿಯೂ ಕೈಗೆ ಬಂದಿರಲಿಲ್ಲ. ಅಂಥವರು ಮಸ್ಟರ್, ಕಾಫೆಲ್ನಿಕೋವ್, ಫೈನಲ್‌ನಲ್ಲಿ ಬ್ರುಗೆರಾ, ಹೀಗೆ ಅಲ್ಲಿನ ಮೂವರು ಮಾಜಿ ಚಾಂಪಿಯನ್ನರನ್ನು ಒಂದೇ ಟೂರ್ನಿಯಲ್ಲಿ ಸೋಲಿಸಿದರು!

ಮಣ್ಣಿನ ಕೋರ್ಟಿನಲ್ಲಿ ಮಾತ್ರ ಆಡ್ತಾರೆ ಅನ್ನುವವರಿಗೆ 2000ರಲ್ಲಿ ಲಿಸ್ಬನ್ನಿನಲ್ಲಿ ನಡೆದ ವರ್ಷಾಂತ್ಯದ ಮಾಸ್ಟರ್ಸ್ ಕಪ್ ಟೂರ್ನಿ ಸಾಕು. ಒಳಾಂಗಣದ ಹಾರ್ಡ್ ಕೋರ್ಟಿನಲ್ಲಿ ಸ್ಯಾಂಪ್ರಸ್, ಆಮೇಲೆ ಅಗಾಸಿ ಇಬ್ಬರನ್ನೂ ಮಣಿಸಿ ವರ್ಷದ ಕೊನೆಗೆ ನಂಬರ್ 1 ಆದರು. ಒಟ್ಟು 43 ವಾರ ಆ ಜಾಗದಲ್ಲಿದ್ದರು.

ನನಗೆ ಜಾಸ್ತಿ ಇಷ್ಟವಾಗೋದು 2001ರ ಪ್ಯಾರಿಸ್. ನಾಲ್ಕನೇ ಸುತ್ತಿನಲ್ಲಿ ಮೈಕಲ್ ರಸೆಲ್ ಎದುರು ಎರಡು ಸೆಟ್ ಹೋಗಿತ್ತು, ಮ್ಯಾಚ್ ಪಾಯಿಂಟ್ ಕೂಡ ಎದುರಿಗಿತ್ತು, ಅಂದರೆ ಇನ್ನೊಂದು ಪಾಯಿಂಟ್ ಹೋದರೆ ಸೋಲು. ಅದನ್ನು ಉಳಿಸಿಕೊಂಡು ಐದು ಸೆಟ್‌ನಲ್ಲಿ ಗೆದ್ದರು. ಮುಗಿದ ಮೇಲೆ ರ‍್ಯಾಕೆಟ್‌ನಿಂದ ಕೆಂಪು ಮಣ್ಣಿನ ಮೇಲೆ ದೊಡ್ಡದೊಂದು ಹೃದಯ ಬರೆದು ಪ್ರೇಕ್ಷಕರಿಗೆ ಕೊಟ್ಟರು.

ಲೆಕ್ಕ ಮೂರಕ್ಕೇ ನಿಲ್ಲಲು ಸೊಂಟದ ನೋವೇ ಮುಖ್ಯ ಕಾರಣ. 2002ರಲ್ಲಿ ಶಸ್ತ್ರಚಿಕಿತ್ಸೆ ಆಯ್ತು, 2004ರಲ್ಲಿ ಮತ್ತೆ. ಆ ನೋವಿನಲ್ಲೂ 2004ರ ಫ್ರೆಂಚ್ ಓಪನ್‌ನಲ್ಲಿ ಆಗಿನ ನಂಬರ್ 1 ಫೆಡರರ್‌ರನ್ನು 6-4, 6-4, 6-4ರಿಂದ ಸೋಲಿಸಿದರು. 2008ರಲ್ಲಿ ಅದೇ ಪ್ಯಾರಿಸ್‌ನಲ್ಲಿ ವಿದಾಯ ಹೇಳಿದರು.