ಇನ್ನೈದು ವರ್ಷ, ಆಮೇಲೆ ಊರು

ಮಗನಿಗೆ ಆರು ವರ್ಷ, ಶಾಲೆಯಲ್ಲಿ ಹಿಂದೆ ಬೀಳದಿರಲೆಂದು ಮನೆಯಲ್ಲೂ ಇಂಗ್ಲಿಷ್ ಆಡೋಣವೇ, ಹೇಗೂ ಐದು ವರ್ಷಕ್ಕೆ ಮೈಸೂರಿಗೆ ಮರಳುವವರಲ್ಲವೇ ಎಂದು ಕೇಳಿದ್ದೀರಿ. ನಾನು ಟೊರಾಂಟೊಗೆ ಬಂದು ನಲವತ್ತು ವರ್ಷ ದಾಟಿತು. ಆದರೆ ನಾನು ಮೀಸೆ ಬಂದ ಮೇಲೆ ಬಂದವನು. ಇಲ್ಲಿ ಬೆಳೆಯುವ ಮಗುವಿನ ಪಾಡು ನನಗೆ ಗೊತ್ತಾದದ್ದು ಹೆಂಡತಿಯಿಂದ. ಅವಳದು ಹಂಗೇರಿಯಿಂದ ಓಡಿಬಂದವರ ಮನೆ.

1956ರ ನವೆಂಬರ್ 4ರಂದು ಜನರ ದಂಗೆ ಅಡಗಿಸಲು ಸೋವಿಯತ್ ಟ್ಯಾಂಕುಗಳು ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ಗೆ ನುಗ್ಗಿದ ಮೇಲೆ ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟರು. ಕೆನಡಾಕ್ಕೇ 37,000ಕ್ಕೂ ಹೆಚ್ಚು ಮಂದಿ ಬಂದರು. ಇವಳಿಗಾಗ ಮೂರು ವರ್ಷ. ಅಳು ಕೇಳಿಸಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆಂದು ನಿದ್ದೆಯ ಔಷಧಿ ಕುಡಿಸಿ, ರಾತ್ರಿ ಆಸ್ಟ್ರಿಯಾದ ಗಡಿ ದಾಟಿಸಿದರಂತೆ.

ಮಾವನವರದೂ ನಿಮ್ಮದೇ ಮಾತು. ರಷ್ಯನ್ನರು ಇವತ್ತಲ್ಲ ನಾಳೆ ಹೊರಡುತ್ತಾರೆ, ಹಿಂದೆಯೇ ನಾವೂ ಹೊರಟೆವು. ಇಲ್ಲಿ ಟೊರಾಂಟೊದ ಬ್ಲೂರ್ ಬೀದಿಯ ಹಂಗೇರಿಯನ್ ಹೋಟೆಲುಗಳಲ್ಲಿ ಕೂತು ಇದೇ ಲೆಕ್ಕ ಹಾಕುತ್ತಿದ್ದರು. ಹೊರಡುವವರಿಗೆ ಒಳ್ಳೆಯ ಸೋಫಾ ಏಕೆ? ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ; ಅಜ್ಜ ಅಜ್ಜಿಯ ಫೋಟೊಗಳು ಬೀರುವಿನ ಮೇಲೆ ಗೋಡೆಗೆ ಒರಗಿಕೊಂಡೇ ಇದ್ದವು. ಕೊನೆಗೂ ಸೋವಿಯತ್ ಸೈನ್ಯ ಪೂರ್ತಿಯಾಗಿ ಹಂಗೇರಿ ಬಿಟ್ಟದ್ದು 1991ರ ಜೂನ್‌ನಲ್ಲಿ. ಆ ಹೊತ್ತಿಗೆ ಮಾವನವರಿಗೆ ಮೊಮ್ಮಗಳಿದ್ದಳು. ಟಿವಿಯಲ್ಲಿ ಸುದ್ದಿ ನೋಡಿ, ಏನೂ ಹೇಳದೆ ಎದ್ದು, ಹಿತ್ತಲಿನ ಮೆಣಸಿನ ಗಿಡಗಳಿಗೆ ನೀರು ಹಾಕಲು ಹೋದರು.

ಭಾಷೆಯ ವಿಚಾರಕ್ಕೆ ಬರುತ್ತೇನೆ. ಅವರ ಮನೆಯೊಳಗೆ ಹಂಗೇರಿಯನ್ ಬಿಟ್ಟು ಬೇರೆ ಮಾತಿರಲಿಲ್ಲ. ಇಂಗ್ಲಿಷನ್ನು ಬೀದಿ ಮತ್ತು ಶಾಲೆ ಕಲಿಸಿಬಿಟ್ಟವು. ಕಷ್ಟವಾದದ್ದು ಅದಲ್ಲ. ಎಂಟನೆಯ ವಯಸ್ಸಿಗೇ ಅವಳು ಮನೆಯ ದುಭಾಷಿ. ಹಂಗೇರಿಯನ್‌ನಲ್ಲಿ ‘ಅವನು’, ‘ಅವಳು’ ಎರಡಕ್ಕೂ ಒಂದೇ ಪದ. ಹಾಗಾಗಿ ಅತ್ತೆಯವರ ಇಂಗ್ಲಿಷಿನಲ್ಲಿ ಗಂಡ ‘ಶಿ’, ಮಗಳು ‘ಹಿ’. ಅಂಗಡಿಯಲ್ಲಿ ಅದು ನಗುವ ಮಾತು. ಆದರೆ ಅತ್ತೆಯವರಿಗೆ ಗರ್ಭ ಇಳಿದುಹೋದಾಗ ವೈದ್ಯರು ಹೇಳಿದ್ದನ್ನು ತಾಯಿಗೆ ತಿಳಿಸಬೇಕಾದವಳೂ ಇವಳೇ. ಆ ಪದ ಅವಳಿಗೆ ಎರಡು ಭಾಷೆಯಲ್ಲೂ ಗೊತ್ತಿರಲಿಲ್ಲ. ಕೈಯಾಡಿಸಿ ‘ಇಲ್ಲ’ ಎಂದಳಂತೆ.

ನಿಮ್ಮಿಬ್ಬರಿಗೂ ಇಂಗ್ಲಿಷ್ ಬರುವುದರಿಂದ ಆ ಹೊರೆ ನಿಮ್ಮ ಮಗನಿಗಿಲ್ಲ. ಊರಿನಿಂದ ಅಜ್ಜಿ ಬಂದಾಗ ಮಾತ್ರ ಆಸ್ಪತ್ರೆಗೆ ನೀವೇ ಜೊತೆಗೆ ಹೋಗಿ.

ಶನಿವಾರದ ಹಂಗೇರಿಯನ್ ಶಾಲೆಯನ್ನು ಅವಳು ಇವತ್ತಿಗೂ ಬೈಯುತ್ತಾಳೆ. ಸೇರಿಸುವುದಾದರೆ ಸೇರಿಸಿ, ಅದನ್ನೇ ನಂಬಿಕೊಳ್ಳಬೇಡಿ. ಅವಳಿಗೆ ಉಳಿದ ಭಾಷೆಯೆಲ್ಲ ಅಡುಗೆಮನೆಯದು. ಅಜ್ಜಿ ಪಾರ್ಸೆಲ್‌ನಲ್ಲಿ ಕಳಿಸಿದ ಗಸಗಸೆ ಬೀಸುವ ಕಬ್ಬಿಣದ ಯಂತ್ರವೊಂದಿದೆ. ಮೇಜಿನ ಅಂಚಿಗೆ ತಿರುಪು ಬಿಗಿದು ಕೈಯಿಂದ ತಿರುಗಿಸುವಂಥದು. ಕ್ರಿಸ್‌ಮಸ್‌ಗೆ ಬೆಯ್‌ಗ್ಲಿ ಎಂಬ ಸುರುಳಿ ರೊಟ್ಟಿ ಮಾಡುತ್ತಾರೆ, ಒಳಗೆ ಗಸಗಸೆ ಹೂರಣ. ನಮ್ಮ ಗಸಗಸೆ ಬಿಳಿ, ಅವರದು ನೀಲಿಗಪ್ಪು. ಮದುವೆಗೆ ಮುಂಚೆ ಮೊದಲ ಸಲ ಅವರ ಮನೆಗೆ ಹೋದಾಗ, ನಮ್ಮಲ್ಲಿ ಇದರದೇ ಪಾಯಸ ಮಾಡುತ್ತೇವೆ ಎಂದೆ. ಅತ್ತೆಯವರು ಏನನ್ನೂ ಕೇಳದೆ ಯಂತ್ರದ ಹಿಡಿಯನ್ನು ನನ್ನ ಕೈಗೆ ಕೊಟ್ಟರು. ಅರ್ಧ ಕಿಲೋ ಬೀಸುವಷ್ಟರಲ್ಲಿ ಭುಜ ಬಿದ್ದುಹೋಯಿತು. ನನ್ನ ಮಗಳಿಗೆ ಹಂಗೇರಿಯನ್ ಓದಲು ಬಾರದು, ಆದರೆ ಹಿಡಿ ಸಿಕ್ಕಿಕೊಂಡರೆ ಬೈಯುವುದು ಅಜ್ಜಿಯ ಭಾಷೆಯಲ್ಲೇ.

ಮನೆಯಲ್ಲಿ ಕನ್ನಡವನ್ನೇ ಆಡಿ; ಲೆಕ್ಕ, ಜಗಳ, ಅಡುಗೆ ಎಲ್ಲವೂ ಅದರಲ್ಲೇ ನಡೆಯಲಿ. ಐದು ವರ್ಷದ ಮಾತನ್ನು ಹುಡುಗನ ಮುಂದೆ ದಿನವೂ ಎತ್ತಬೇಡಿ, ಅವನು ಗೆಳೆಯರನ್ನು ಮಾಡಿಕೊಳ್ಳಬೇಕು. ಇನ್ನೊಂದು, ಸೋಫಾ ಕೊಳ್ಳಿ. ಫೋಟೊಗಳಿಗೆ ಮೊಳೆ ಹೊಡೆಯಿರಿ. ಬಾಡಿಗೆ ಮನೆಯಾದರೆ ಮೊದಲು ಮಾಲೀಕರನ್ನು ಒಂದು ಮಾತು ಕೇಳಿ.