ಸುಂಡಾ ಹಾಡಿನ ‘ದೊಸ’ ತಿನ್ನುವುದಲ್ಲ

ಪ್ರಶ್ನೆ: ಇಂಡೊನೇಷ್ಯಾದ ಪಶ್ಚಿಮ ಜಾವಾದ ಸುಂಡಾ ಭಾಷೆಯ ಪಾಪ್ ಹಾಡುಗಳಲ್ಲಿ ‘ದೊಸ’, ‘ಗುಸ್ತಿ’, ‘ಅಬ್ದಿ’ ಎಂಬ ಪದಗಳು ಕಿವಿಗೆ ಬೀಳುತ್ತವೆ, ದನಿಯಲ್ಲಿ ಅಳು ಇರುತ್ತದೆ. ಅದು ಪ್ರೇಮಗೀತೆಯೋ ಭಕ್ತಿಗೀತೆಯೋ, ಹೇಗೆ ತಿಳಿಯುವುದು? (ಧಾರವಾಡದ ಓದುಗರು)

ಉತ್ತರ: ‘ದೊಸ’ ನಮ್ಮ ‘ದೋಷ’ವೇ, ಸಂಸ್ಕೃತದಿಂದ ಅಲ್ಲಿಗೆ ಹೋಗಿ ಪಾಪ ಎಂಬ ಅರ್ಥ ಪಡೆದಿದೆ. ‘ಕದುಹುಂಗ್’ ಎಂದರೆ ಮಾಡಿದ್ದಕ್ಕೆ ಮರುಗುವುದು, ‘ಹಂಪುರ’ ಎಂದರೆ ಕ್ಷಮೆ. ಇವೆರಡನ್ನೇ ನಂಬಿ ಭಕ್ತಿಗೀತೆ ಎಂದು ತೀರ್ಮಾನಿಸಬೇಡಿ. ಕೈಬಿಟ್ಟ ಹುಡುಗಿಗೂ ಇದೇ ಮಾತು ಹೇಳುತ್ತಾರೆ. ‘ಅಬ್ದಿ’ಯ ಮೂಲಾರ್ಥ ಆಳು. ಈಗ ಅದು ‘ನಾನು’ ಎನ್ನುವುದರ ವಿನಯದ ರೂಪ. ಸಲಿಗೆಯಲ್ಲಿ ‘ಕುರಿಂಗ್’ ಎನ್ನುವವರು ದೇವರ ಮುಂದೆ ‘ಅಬ್ದಿ’ ಆಗುತ್ತಾರೆ. ಆದರೆ ಹಿರಿಯರ ಮುಂದೆಯೂ ‘ಅಬ್ದಿ’ ಎನ್ನುವುದರಿಂದ ಅದೊಂದೇ ಸಾಕ್ಷಿಯಲ್ಲ. ಒಡೆಯ ಎಂಬರ್ಥದ ‘ಗುಸ್ತಿ’, ಪಶ್ಚಾತ್ತಾಪದಿಂದ ಮರಳುವ ‘ತೊಬತ್’, ಒಪ್ಪಿಸಿಕೊಳ್ಳುವ ‘ಪಸ್ರಾಹ್’ ಒಟ್ಟಿಗೆ ಬಂದರೆ ಹಾಡು ದೇವರ ಕಡೆ ತಿರುಗಿದೆ ಎಂದೇ ತಿಳಿಯಿರಿ.

ಸಾಲಿನ ಅಕ್ಷರಗಳನ್ನೂ ಎಣಿಸಿ ನೋಡಿ. ಮಸೀದಿಯಲ್ಲಿ ಅಜಾನ್‌ಗೂ ನಮಾಜಿಗೂ ನಡುವೆ ಹಾಡುವ ‘ಪುಪುಜಿಯನ್’ ಸ್ತುತಿಪದ್ಯಗಳಲ್ಲಿ ಸಾಮಾನ್ಯವಾಗಿ ನಾಲ್ಕು ಸಾಲು, ಸಾಲಿಗೆ 8 ಅಕ್ಷರ, ನಾಲ್ಕಕ್ಕೂ ಒಂದೇ ಅಂತ್ಯಪ್ರಾಸ. ಪಾಪ್ ಹಾಡಿನಲ್ಲಿ ಈ ಅಚ್ಚು ಸಿಕ್ಕರೆ ಊರವರಿಗೆ ಮಸೀದಿಯ ನೆನಪಾಗುತ್ತದೆ.

ಪ್ರಶ್ನೆ: ಕೀಬೋರ್ಡಿನಲ್ಲಿ ಆ ಅಳುವ ರಾಗ ನುಡಿಸುವುದು ಹೇಗೆ? (ಮೈಸೂರಿನ ಓದುಗರು)

ಉತ್ತರ: ಮೊದಲು ‘ಪೆಲೋಗ್ ದೆಗುಂಗ್’ ಎಂಬ ಐದು ಸ್ವರಗಳ ಶ್ರೇಣಿ ಹಿಡಿಯಿರಿ: ಸ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪ, ಕಾಕಲಿ ನಿಷಾದ. ಹೆಚ್ಚುಕಡಿಮೆ ನಮ್ಮ ಗಂಭೀರನಾಟದ ಸ್ವರಗಳು. ಪ ಬಿಟ್ಟು ಚತುಶ್ರುತಿ ಧೈವತ ಹಾಕಿದರೆ ‘ಸೊರೋಗ್’ ಆಯಿತು. ‘ಮದೆಂದ’ ಎಂದೂ ಕರೆಯುತ್ತಾರೆ, ದುಃಖದ ಹಾಡುಗಳಿಗೆ ಇದೇ ಹೆಚ್ಚು ಒಗ್ಗುತ್ತದೆ. ಸ ಬಿಳಿ ಕಟ್ಟೆಯ ‘ಸಿ’ ಆದರೆ ಎರಡಕ್ಕೂ ಕರಿ ಕಟ್ಟೆ ಬೇಕಿಲ್ಲ. ಅಲ್ಲಿನ ತಂತಿವಾದ್ಯ ಕಚಾಪಿಯಲ್ಲಾದರೆ (ಹೆಸರು ಕಚ್ಛಪಿ ವೀಣೆಯದ್ದೇ) ಸೊರೋಗ್‌ಗೆ ಹೋಗಲು ಪ್ರತಿ ಸ್ಥಾಯಿಯಲ್ಲಿ ಒಂದು ತಂತಿಯ ಶ್ರುತಿ ಏರಿಸಬೇಕು.

ಎಡವುವುದು ಅಂಕಿಯಲ್ಲಿ. ಅವರ ಸ್ವರಗಳ ಹೆಸರು ದ, ಮಿ, ನ, ತಿ, ಲ (ಅಂಕಿಯಲ್ಲಿ 1ರಿಂದ 5), ಅವು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. 1 ಎಂದರೆ ಮೇಲಿನ ಸ್ವರ. ನಮ್ಮಂತೆ ಓದಿದರೆ ಇಡೀ ಧಾಟಿ ತಲೆಕೆಳಗು. ಶ್ರುತಿಪೆಟ್ಟಿಗೆಯನ್ನು ಮುಚ್ಚಿಡಿ, ಷಡ್ಜವನ್ನು ಉದ್ದಕ್ಕೂ ಮೊಳಗಿಸುವ ಪದ್ಧತಿ ಅಲ್ಲಿಲ್ಲ. ಗಮಕವೂ ಕಡಿಮೆ ಇರಲಿ. ಆ ಜಾರಿಕೆ ಬಿದಿರಿನ ಸುಲಿಂಗ್ ಕೊಳಲಿನ ಕೆಲಸ.